ನನಗಿಂತ ಮೊದಲು ಐರ್ಲೆಂಡ್ ನೋಡಿದ ಅತ್ತಿಗೆ

ನಮ್ಮ ಅತ್ತಿಗೆ ಒಲೆಯ ಮುಂದೆ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡುತ್ತಿದ್ದರು. ಅಷ್ಟು ಗಿಡ್ಡ. ವಿದ್ಯಾರಣ್ಯಪುರಂನ ಮನೆ ಕಟ್ಟಿಸುವಾಗ ಅಣ್ಣ ಅಡುಗೆಕಟ್ಟೆಯನ್ನು ನನ್ನ ಅಳತೆಗೆ ಮಾಡಿಸಿದ್ದ, ಆಗ ಒಲೆಯ ಮುಂದೆ ನಿಲ್ಲುತ್ತಿದ್ದವಳು ನಾನು. ಮದುವೆಯಾಗಿ ಬಂದ ಮರುದಿನವೇ ಅತ್ತಿಗೆ ಊಟದ ಮಣೆಯೊಂದನ್ನು ಕಾಲಿನಲ್ಲಿ ಎಳೆದುಕೊಂಡು ಅದರ ಮೇಲೆ ಹತ್ತಿದರು. ಅಡುಗೆಮನೆ ಹೋಯಿತು. ವಾರ ಕಳೆಯುವಷ್ಟರಲ್ಲಿ ನಮ್ಮಮ್ಮನೂ ಅವರ ಪಾಲಾದಳು.

ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಂದ ಬಂದವರು ಅವರು. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಅದಕ್ಕೇ ನನ್ನನ್ನು ಹೆಸರು ಹಿಡಿದು ಕರೆಯದೆ 'ಮಿಸ್ಸೇ' ಎನ್ನುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನಿರಲಿ, ವೋಟು ಕೇಳಲು ಬಂದವರಿರಲಿ, 'ಒಂದ್ ಬಾಯಿ ತಿನ್ಕಂಡೋಗಿ' ಎನ್ನದೆ ಯಾರನ್ನೂ ಕಳಿಸಿದವರಲ್ಲ. ಅವರು ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವ ದಿನ ಇಡೀ ಬೀದಿ ಕೆಮ್ಮುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದೇ ಬೀದಿಯವರು ಬಟ್ಟಲು ಹಿಡಿದು ಬರುತ್ತಿದ್ದರು. ಅಳತೆ ಹೇಳಿಕೊಡಿ ಎಂದು ನಾನು ಕೇಳಿದರೆ, "ನಿಂಗ್ಯಾಕಮ್ಮ ಅದು? ನಾನಿಲ್ವಾ?" ಎಂದು ನಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಅಣ್ಣ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು ಹೆಂಗಸರು. ಅತ್ತಿಗೆಯ ಮಗಳು ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿರುವುದು ಗೆಳತಿಯರ ಜೊತೆ ಹಂಚಿಕೊಂಡ ರೂಮಿನಲ್ಲಿ. ತನ್ನಮ್ಮನನ್ನು ಕರೆಸಿಕೊಂಡರೆ ಇಳಿಸುವುದಕ್ಕೆ ಜಾಗವಿಲ್ಲವೆಂದು ರಜೆ ಹಾಕಿ ಹಳ್ಳಿಗಾಡಿನಲ್ಲಿ ಒಂದು ಮನೆ ಹಿಡಿದಳು. ಅಂಥ ಮನೆಗಳು ಅಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತವಂತೆ. ಹಾಸಿಗೆ, ಒಲೆ, ಪಾತ್ರೆ ಎಲ್ಲ ಅವರದು, ಅಡುಗೆ ಮಾತ್ರ ನಾವೇ ಮಾಡಿಕೊಳ್ಳಬೇಕು.

"ಅತ್ತೇ, ನೀವೂ ಬನ್ನಿ," ಎಂದು ನನ್ನನ್ನೂ ಕರೆದಳು. ಆದರೆ ನಮ್ಮಮ್ಮ ಆಗಲೇ ಹಾಸಿಗೆ ಹಿಡಿದಿದ್ದಳು, ಒಬ್ಬರು ನಿಲ್ಲಲೇಬೇಕಿತ್ತು.

"ನೀನೇ ಹೋಗ್ಬಾ ಮಿಸ್ಸೇ. ಪಾಠ ಮಾಡಿ ಮಾಡಿ ಸಾಕಾಗ್ಯದೆ, ಕಣ್ಣಲ್ಲೂ ನೋಡ್ಕಂಬಾ. ಅತ್ತೇನ ನಾನ್ ನೋಡ್ಕತೀನಿ," ಎಂದರು ಅತ್ತಿಗೆ.

ಹೂಂ ಅನ್ನಲು ಬಾಯಿ ತೆರೆದಿದ್ದೆ. ಒಳಗಿನಿಂದ ಅಮ್ಮನ ದನಿ ಬಂತು: "ಅವಳೇ ಹೋಗ್ಬರ್ಲಿ ಕಣೇ. ಪಾಪ, ಅವಳು ಎಲ್ಲಿಗ್ ತಾನೆ ಹೋಗವ್ಳೆ?"

ನಾನಾದರೂ ಎಲ್ಲಿಗೆ ಹೋಗಿದ್ದೆ? ನಿವೃತ್ತಿಯಾಗುವವರೆಗೂ ಮಕ್ಕಳ ಮುಂದೆ ಗೋಳ ತಿರುಗಿಸಿದ್ದೆನೇ ಹೊರತು ಸಮುದ್ರ ದಾಟಿದವಳಲ್ಲ. ಹಗಲೂ ರಾತ್ರಿ ಅಮ್ಮನ ಸೇವೆ ಮಾಡಿದ ಅತ್ತಿಗೆಗೆ ಎರಡು ವಾರದ ಬಿಡುವು ನ್ಯಾಯವಾದದ್ದೇ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಸಂಕಟವಾಗುತ್ತಿತ್ತು. "ಅಡುಗೆ ಮಾಡೋದಕ್ಕೆ ಐರ್ಲೆಂಡಿಗೇ ಹೋಗಬೇಕಾ?" ಎಂದೊಂದು ಮಾತು ಅಂದುಬಿಟ್ಟೆ. ಅತ್ತಿಗೆ ನಕ್ಕು ಪೆಟ್ಟಿಗೆಗೆ ಇನ್ನೊಂದು ಪೊಟ್ಟಣ ಸಾರಿನ ಪುಡಿ ತುರುಕಿದರು.

ಅಲ್ಲಿಂದ ದಿನಾ ವಿಡಿಯೋ ಕಾಲ್. ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿದೆ.

"ದಿಕ್ಕೆಲ್ಲಿ ಗೊತ್ತಾಗ್ತದಮ್ಮ? ಸೂರ್ಯನೇ ಬಂದಿಲ್ಲ ಇಲ್ಲಿ!"

"ಎದುರಿಗೆ ಕಾಣ್ತಿರೋ ಗುಡ್ಡದ ಹೆಸರೇನು ಅತ್ತಿಗೆ?"

"ಯಾರಿಗ್ಗೊತ್ತು. ನಮ್ ಚಾಮುಂಡಿ ಬೆಟ್ಟನ ಯಾರೋ ತಟ್ಟಿ ಮಲಗಿಸ್ದಂಗದೆ. ಅದಿರ್ಲಿ, ಇಲ್ನೋಡು, ಬರೀ ಚಮಚಕ್ಕೇ ಒಂದ್ ಡ್ರಾಯರು!"

ಫೋನು ಕಿಟಕಿ ಬಿಟ್ಟು ಅಡುಗೆಮನೆಗೆ ತಿರುಗುತ್ತಿತ್ತು. ನನಗೆ ಅಳುವೇ ಬರುತ್ತಿತ್ತು. ಕಂಡವರಿಗೆ ಕಣ್ಣಿಲ್ಲ, ಕಣ್ಣಿದ್ದವಳು ಅಮ್ಮನ ಮಂಚದ ಪಕ್ಕ. ಇತ್ತ ಅಮ್ಮ ನಾನು ಮಾಡಿದ ಸಾರನ್ನು ನಾಲಿಗೆಗೆ ಮುಟ್ಟಿಸಿ ಬಟ್ಟಲು ಸರಿಸುತ್ತಿದ್ದಳು. "ಅವಳು ಯಾವಾಗ್ ಬತ್ತಾಳೆ?" ಎಂಬುದೊಂದೇ ಮಾತು.

ಅಲ್ಲಿ ಪಕ್ಕದ ಮನೆಯ ಮುದುಕಿಯೇ ಅವರು ಹಿಡಿದಿದ್ದ ಮನೆಯ ಒಡತಿ. ಎಲ್ಲ ಸರಿಯಿದೆಯೇ ಎಂದು ವಿಚಾರಿಸಲು ಬಾಗಿಲಿಗೆ ಬಂದ ಆಕೆಯನ್ನು ಅತ್ತಿಗೆ ಕೈಹಿಡಿದು ಒಳಗೆ ಕೂರಿಸಿ ಅನ್ನ ಸಾರು ಬಡಿಸಿದರಂತೆ. ಅಲ್ಲಿ ಹಾಗೆಲ್ಲ ಮಾಡುವುದಿಲ್ಲ ಎಂದು ಮಗಳು ಸನ್ನೆ ಮಾಡಿದರೂ ಕೇಳಲಿಲ್ಲ. ಮುದುಕಿ ಮರುದಿನವೂ ಅದೇ ಹೊತ್ತಿಗೆ ವಿಚಾರಿಸಲು ಬಂದಳಂತೆ.

ಹೊರಡುವ ದಿನ ಫೋನಿನಲ್ಲಿ ಕಪಾಟು ತೋರಿಸಿದರು. "ಮುಂಚೆ ಬಂದಿದ್ದೋರು ಉಪ್ಪು, ಸಕ್ಕರೆ, ಟೀ ಪುಡಿ ಎಲ್ಲ ಬುಟ್ಟೋಗವ್ರೆ. ಯಾರೋ ಏನೋ, ಮುಂದೆ ಬರೋರ್ಗೆ ಅಂತ! ನಾನೂ ಇಡ್ತೀನಿ." ಉಳಿದ ಸಾರಿನ ಪುಡಿಯನ್ನು ಜಾಮ್ ಬಾಟಲಿಗೆ ತುಂಬುತ್ತಿದ್ದರು.

"ಅದನ್ಯಾಕೆ ಅಲ್ಲಿ ಬಿಡ್ತೀರಿ? ಯಾರು ತಿಂತಾರೆ?"

"ತಿನ್ಲಿ ಬುಡು ಮಿಸ್ಸೇ. ನಿಂಗ್ ಬಂದ್ ಮಾಡ್ಕೊಡ್ತೀನಿ."

ಬಂದವರು ಅಮ್ಮನಿಗೆ ಉಣ್ಣೆ ಟೋಪಿ ತಂದಿದ್ದರು. ನನಗೆ ಪೆಟ್ರೋಲ್ ಬಂಕಿನಲ್ಲಿ ಕೊಂಡ ಐರ್ಲೆಂಡಿನ ರಸ್ತೆ ನಕ್ಷೆ. ಊರು ಅವರಿಗೆ, ನಕ್ಷೆ ನನಗೆ! ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದ ಹಾಗೆಯೂ ಕಾಣಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಅಮ್ಮ ತೀರಿಕೊಂಡಳು. ಕೊನೆಯ ಗುಟುಕು ಗಂಜಿ ಕುಡಿದದ್ದೂ ಅತ್ತಿಗೆಯ ಕೈಯಿಂದಲೇ. ಆಮೇಲೆ ಬಹಳ ದಿನವಾಗಲಿಲ್ಲ. ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದ ಅತ್ತಿಗೆ ಎದೆ ಹಿಡಿದುಕೊಂಡು ಅದೇ ಮಣೆಯ ಮೇಲೆ ಕುಳಿತರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು.

ಡಬ್ಬಿಯಲ್ಲಿದ್ದ ಸಾರಿನ ಪುಡಿ ಯುಗಾದಿಯವರೆಗೆ ಬಂತು. ನಂತರ ಅಂಗಡಿಯದು. ನೆನಪಿದ್ದಷ್ಟು ಹಾಕಿ ನಾನೇ ಹುರಿದೆ, ಬೀದಿ ಕೆಮ್ಮಿತು, ಬಟ್ಟಲು ಹಿಡಿದು ಯಾರೂ ಬರಲಿಲ್ಲ.

ಬೇಸಿಗೆಯಲ್ಲಿ ಅವರ ಮಗಳು ನನ್ನನ್ನು ಕರೆಸಿಕೊಂಡಳು. ಅದೇ ಹಳ್ಳಿ, ಅದೇ ಮನೆ. ನಕ್ಷೆ ಮಡಿಲಲ್ಲಿಟ್ಟುಕೊಂಡೇ ಕಾರಿನಲ್ಲಿ ಕೂತಿದ್ದೆ. ಸಮುದ್ರ ಪಶ್ಚಿಮಕ್ಕಿತ್ತು. ಗುಡ್ಡದ ಹೆಸರನ್ನೂ ಪತ್ತೆ ಮಾಡಿದೆ. ಹೇಳೋಣವೆಂದರೆ ಕೇಳುವವರಿರಲಿಲ್ಲ.

ಒಳಗೆ ಕಾಲಿಟ್ಟು ಒಲೆಯ ಹತ್ತಿರ ಹೋಗಿದ್ದೇ ತಡ, ಮೊಣಕಾಲ ಕೆಳಗೆ ಫಟ್ ಎಂದು ಏನೋ ಬಡಿಯಿತು. ಮರದ ಕುಳ್ಳು ಸ್ಟೂಲು. ಹಿಂದಿನ ಸಲ ತನ್ನಮ್ಮ ಖಾಲಿ ಪೆಟ್ಟಿಗೆ ಮಗುಚಿಕೊಂಡು ನಿಂತದ್ದನ್ನು ನೋಡಿ ಒಡತಿಯೇ ಅದನ್ನು ತಂದಿಟ್ಟರು, ಆಮೇಲೆ ತೆಗೆಯಲೇ ಇಲ್ಲ ಎಂದಳು ಮಗಳು. ಸಮುದ್ರದಾಚೆಯೂ ಇವರಿಗೊಂದು ಮಣೆ!

ಕಪಾಟು ತೆಗೆದೆ. ಯಾರೋ ಬಿಟ್ಟುಹೋದ ಉಪ್ಪು, ಟೀ ಪುಡಿಗಳ ಹಿಂದೆ ಆ ಜಾಮ್ ಬಾಟಲಿ ಇತ್ತು. ಕಾಲುಭಾಗ ಪುಡಿ ಉಳಿದಿತ್ತು. ವಿದ್ಯಾರಣ್ಯಪುರಂನಲ್ಲಿ ನಾನು ಖಾಲಿ ಡಬ್ಬಿಯನ್ನು ಮೂಸಿ ನೋಡುತ್ತಿದ್ದಾಗ ಇದು ಇಲ್ಲಿ ಆರಾಮಾಗಿ ಕೂತಿತ್ತು. ಸಿಟ್ಟಿನಿಂದ ಬಾಟಲಿಯನ್ನು ಒಲೆಯ ಪಕ್ಕ ಕುಕ್ಕಿದೆ. ಬೇಳೆ ಬೇಯಲು ಇಟ್ಟೆ.

ಒಗ್ಗರಣೆ ಹಾಕಿ ಇನ್ನೂ ಸೌಟು ಇಳಿಸಿರಲಿಲ್ಲ, ಹಿತ್ತಲ ಬಾಗಿಲು ತೆರೆಯಿತು. ಮುದುಕಿ ಏದುಸಿರು ಬಿಡುತ್ತಾ ನಿಂತಿದ್ದಳು. ಅವಳ ಕಣ್ಣು ಮೊದಲು ಒಲೆಯ ಮುಂದೆ ನನ್ನ ಎದೆಮಟ್ಟಕ್ಕೆ ಬಂದು ನಿಂತಿತು. ಅಲ್ಲಿ ಮುಖ ಸಿಗದೆ ಮೇಲೆ ಬಂತು.

"ಬಂದಿದ್ದಾರಾ ಅವರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ. ನಾನು ಅವರ ನಾದಿನಿ," ಎಂದೆ. ಮುಂದಿನದನ್ನೂ ನಾನೇ ಹೇಳಬೇಕಾಯಿತು.

ಮುದುಕಿ ಆ ಕುಳ್ಳು ಸ್ಟೂಲಿನ ಮೇಲೆ ಕುಳಿತಳು. ಆಮೇಲೆ ಬಟ್ಟಲಲ್ಲಿ ಸಾರು ಇಸಿದುಕೊಂಡು ಕುಡಿದಳು. "ಎಷ್ಟೋ ಜನಕ್ಕೆ ಈ ಮನೆ ಕೊಟ್ಟಿದ್ದೇನೆ. ಇಲ್ಲಿ ನನ್ನನ್ನು ಕೂರಿಸಿ ಊಟ ಹಾಕಿದವರು ಅವರೊಬ್ಬರೇ," ಎಂದಳು. ಮನೆ ಖಾಲಿಯಿದ್ದಾಗ ಬಂದು ಆ ಬಾಟಲಿಯಿಂದ ಒಂದು ಚಿಟಿಕೆ ಒಯ್ಯುತ್ತಾಳಂತೆ, ಬೇಯಿಸಿದ ಆಲೂಗಡ್ಡೆಗೆ ಉದುರಿಸಿಕೊಳ್ಳಲು. ನಾನು ಇನ್ನೊಂದು ಬಟ್ಟಲು ಬಡಿಸಿದೆ.

ಹೊರಡುವ ದಿನ ಅಲ್ಲಿನ ಪದ್ಧತಿಯಂತೆ ಮುಂದೆ ಬರುವವರಿಗೆಂದು ಹೊಸ ಉಪ್ಪು, ಸಕ್ಕರೆ, ಒಳ್ಳೆಯ ಟೀ ಪುಡಿ ಕಪಾಟಿನಲ್ಲಿಟ್ಟೆ. ನಕ್ಷೆಯನ್ನೂ ಇಟ್ಟೆ. ಜಾಮ್ ಬಾಟಲಿಯನ್ನು ಮಾತ್ರ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಂದೆ. ಈಗ ಅದು ನಮ್ಮ ಅಡುಗೆಕಟ್ಟೆಯ ಮೇಲಿದೆ, ಕೆಳಗೆ ಮಣೆಯಿದೆ. ಸಾರಿಗೆ ಹಾಕಲು ಮನಸ್ಸು ಬರುವುದಿಲ್ಲ, ಮುಚ್ಚಳ ತೆಗೆದು ಮೂಸಿ ಮತ್ತೆ ಬಿಗಿಯಾಗಿ ಮುಚ್ಚುತ್ತೇನೆ. ಆ ಮುದುಕಿ ಬೇಕಾದರೆ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡು ತಿನ್ನಲಿ. ಅವರು ನನ್ನ ಅತ್ತಿಗೆ.