ಮದುಮಗಳು ಕಪ್ಪೆಯ ಹಲ್ಲು

ಕಪ್ಪೆಗೆ ಹಲ್ಲೇ ಇಲ್ಲವೆಂದಾದರೆ ಮಗಳ ಬೆರಳು ಕಚ್ಚಿದ್ದು ಯಾವುದು? ಬೆಳಗಿನಿಂದ ಸುಧಾರಾಣಿಯ ತಲೆಯಲ್ಲಿ ಇದೊಂದೇ ಗುಂಗು.

ಮಳೆ ತಡವಾಯಿತೆಂದು ಬ್ಯಾಡಗಿಯ ಅವರ ಓಣಿಯವರು ಕಪ್ಪೆಗಳ ಮದುವೆ ಮಾಡಿದ್ದರು. ಅರಿಷಿಣ ಹಚ್ಚಿ, ಅಕ್ಕಿಕಾಳು ಹಾಕಿದ್ದಾಯಿತು. ಮದುವೆ ಅಂದ ಮೇಲೆ ಭೂಮದ ಊಟ ಬೇಡವೆ? ಭೂಮದಲ್ಲಿ ಹೊಸ ಗಂಡಹೆಂಡಿರಿಗೆ ಸಿಹಿ ತಿನ್ನಿಸುವುದನ್ನು ಕಂಡಿದ್ದ ಪುಟ್ಟ ಸ್ನೇಹಾ, ಯಾರೂ ನೋಡದಾಗ ಕಪ್ಪೆಗಳ ಬುಟ್ಟಿಯೊಳಗೆ ಕೈಹಾಕಿ ಮದುಮಗಳ ಬಾಯಿಗೆ ಹೋಳಿಗೆಯ ಚೂರು ತುರುಕಿದ್ದಳು. ಚೀರಿ ಕೈ ಎಳೆದುಕೊಂಡಾಗ ಬೆರಳ ಮೇಲೆ ಕೆಂಪು ಗೀರು. "ಕಪ್ಪಿ ಕಚ್ತು" ಎಂದಳು.

"ಸುಳ್ಳು ಹೇಳಬ್ಯಾಡ" ಎಂದು ಅಜ್ಜಿ ಹೊನ್ನವ್ವ ಗದರಿದಳು. "ಕಪ್ಪೀಗೆ ಹಲ್ಲು ಎಲ್ಲಿಂದ ಬರಬೇಕು? ನನಗಿಂತ ಬೊಚ್ಚುಬಾಯಿ ಅದರದು."

ಹಾಗಾದರೆ ಬುಟ್ಟಿಯ ತಳಕ್ಕೆ ಹಾಸಿದ್ದ ಕೆರೆದಂಡೆಯ ಹುಲ್ಲಿನಲ್ಲಿ ಏನಿತ್ತು? ಹಾವಿನ ಮರಿಯೆ? ನೋಡೋಣವೆಂದರೆ ಅಷ್ಟರಲ್ಲಿ ಹುಲ್ಲು, ಕಪ್ಪೆ ಎಲ್ಲ ಕೆರೆಗೆ ಸೇರಿದ್ದವು. ಡಾಕ್ಟರು ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, "ಬಾವು ಇಲ್ಲ, ಸಂಜೀತನಕ ನೋಡ್ರಿ" ಎಂದು ಕಳಿಸಿದ್ದರು. ನೋಡಿ ನೋಡಿ ಸುಧಾರಾಣಿಯ ಕಣ್ಣು ಸೋತವು. ಬೀಜದ ಅಂಗಡಿಯಿಂದ ಊಟಕ್ಕೆ ಬಂದ ಗಂಡ ವಿಜಯಮಹಾಂತೇಶ ನಕ್ಕ: "ಬೀಗರ ಮದಿವ್ಯಾಗ ಒಂದು ಜಗಳಾ ಇರಬೇಕಲ್ಲಾ!"

"ನಗ್ತೀರಲ್ರೀ, ಸ್ವಲ್ಪನಾದ್ರೂ ಚಿಂತೆ ಇದೆಯಾ ನಿಮಗೆ?" ಸುಧಾರಾಣಿ ತಟ್ಟೆಯನ್ನು ಕುಕ್ಕಿದಳು.

"ನೀನಽ ಹೇಳವಾ ಹಂಗಾದ್ರ" ಅಂದಳು ಹೊನ್ನವ್ವ. "ದಾವಣಗೆರಿ ಕಾಲೇಜಿನ್ಯಾಗ ಕಪ್ಪಿ ಕೊಯ್ದಾಕಿ ನೀನು."

ಮಾತು ಚುಚ್ಚಿತು. ಬಂದವರಿಗೆಲ್ಲ ಈ ಮನೆಯವರು ತೋರಿಸುತ್ತಿದ್ದ ಬಿ.ಎಸ್ಸಿ. ಸೊಸೆ ಆಗ ಮೂಗಿಗೆ ಕರವಸ್ತ್ರ ಹಿಡಿದು ಕಪ್ಪೆಯ ಹೊಟ್ಟೆಯನ್ನಷ್ಟೇ ಕೊಯ್ದಿದ್ದಳು. ಅದರ ಬಾಯಿ ತೆರೆದು ನೋಡಿದ್ದು ಪಕ್ಕದ ಮೇಜಿನ ಮೀನಾಕ್ಷಿ. ಆಕೆಯೀಗ ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕೇಳಬೇಕೆಂದರೆ ಅತ್ತೆಯ ಎದುರಿಗೇ, ಪಡಸಾಲೆಯ ಫೋನಿನಲ್ಲಿ ಕೇಳಬೇಕು. ಅದಕ್ಕೇ ಇಷ್ಟು ಹೊತ್ತು ತಡೆದಿದ್ದಳು.

ಮೂಲೆಯಲ್ಲಿ ಸ್ನೇಹಾ ಮುಸುಮುಸು ಅಳುತ್ತ, "ಖರೇನಽ ಕಪ್ಪಿ ಕಚ್ತು" ಎಂದು ಮತ್ತೆ ಗೋಡೆಗೆ ಹೇಳಿಕೊಂಡಳು.

ಸಾಕಾಯಿತು. ಸುಧಾರಾಣಿ ನಂಬರು ಒತ್ತಿದಳು.

"ಮೀನಾ, ನಗಬೇಡ ಕಣೇ. ಕಪ್ಪೆಗೆ ಹಲ್ಲು ಇರ್ತಾವಾ?"

ಮೀನಾಕ್ಷಿ ನಕ್ಕೇ ನಕ್ಕಳು. ಸಂಗತಿ ಕೇಳಿದ ಮೇಲೆ, "ಗೀರು ಬೆರಳಿನ ಮ್ಯಾಲೆ ಐತೋ, ಕೆಳಗೋ?" ಎಂದಳು.

"ಮೇಲೆ. ಉಗುರಿನ ಹಿಂದೆ, ಸಾಲಾಗಿ."

"ಹಂಗಿದ್ರ ಕಪ್ಪೀನಽ ಇರಬೇಕು. ಕೆಲವು ಕಪ್ಪೀಗೆ ಹಲ್ಲು ಇರಂಗಿಲ್ಲ, ಆದ್ರ ಕೆರಿ ಕಪ್ಪೀಗೆ ಮ್ಯಾಲಿನ ದವಡ್ಯಾಗ ಗರಗಸದಂಗ ಸಣ್ಣ ಹಲ್ಲು ಇರ್ತಾವು. ಅಗಿಯಾಕಲ್ಲ. ಹಿಡಿದ ಹುಳಾ ಜಾರಬಾರದು, ಅದಕ್ಕ. ಆಮ್ಯಾಲೆ ಹಂಗಽ ನುಂಗತೈತಿ. ನಿನ್ನ ಮಗಳ ಬೆರಳು ಹುಳಾ ಅಂತ ತಿಳೀತು, ಪಾಪ!"

ಸುಧಾರಾಣಿ ಉಸಿರುಬಿಟ್ಟು, ರಿಸೀವರನ್ನು ಅತ್ತೆಯ ಕಡೆ ಚಾಚಿದಳು. "ತಗೊಳ್ಳಿ, ನೀವೇ ಕೇಳಿ."

ಹೊನ್ನವ್ವ ಅದನ್ನು ಕಿವಿಗೊತ್ತಿಕೊಂಡು ಊರಿಗೆಲ್ಲ ಕೇಳುವಂತೆ ಕೂಗಿದಳು: "ಹಂಗಾದ್ರ ನಮ್ಮ ಕೂಸು ಖರೇನಽ ಹೇಳೇತೇನವಾ?"