ಡಾಂಬರೆ ಎಂಬ ಅಡ್ಡಹೆಸರು

ಮನೆ ಮುಂದೆ ರಸ್ತೆ ಕೆಲಸ ನಡೆದಿದೆ. ಕಾದ ಡಾಂಬರಿನ ವಾಸನೆ ಚಹಾದೊಳಗೂ ಇಳಿದಿದೆ. ನಿಮಗದು ಬರೀ ರಸ್ತೆಯ ವಾಸನೆ ಇದ್ದೀತು. ನನಗೆ ದತ್ತಪ್ಪನ ನೆನಪು.

ಸದಲಗಾದ ಹತ್ತಿರದ ನಮ್ಮೂರಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿಯ ಜಗಳ ಕಾವೇರಿದ್ದ ಒಂದು ಸಂಜೆ, ಹಾಲು ಮಾರುವ ದತ್ತಪ್ಪ ಬಸ್‌ಸ್ಟ್ಯಾಂಡಿನ ಬೋರ್ಡಿನ ಮರಾಠಿ ಅಕ್ಷರಗಳಿಗೆ ಡಾಂಬರು ಬಳಿದ. ಅವನ ಹೆಂಡತಿಯ ತವರು ಕೊಲ್ಹಾಪುರದ ಕಡೆ. ಮನೆಯಲ್ಲಿ ಆಡುವುದೇ ಅರ್ಧ ಮರಾಠಿ. ಮರುದಿನ ಬೆಳಕು ಹರಿಯುವಾಗ ನಾನು ಹಾಲಿಗೆ ಹೊರಟರೆ, ಅವನೇ ಚಿಮಣಿ ಎಣ್ಣೆಯ ಅರಿವೆಯಿಂದ ಅದನ್ನು ತಿಕ್ಕುತ್ತಿದ್ದ.

"ಯಾಕೋ ದತ್ತೂ?"

"ಹೆಂಡ್ತಿ ನಿನ್ನಿಯಿಂದ ಊಟಕ್ಕ ಕರದಿಲ್ರಿ ಮಾಸ್ತರ." ತಲೆ ಎತ್ತದೆ ಮತ್ತೆ ಅಂದ, "ಯಾರಿಗೂ ಹೇಳಬ್ಯಾಡ್ರಿ, ನಗತಾರ."

ಹೇಳಲಿಲ್ಲ. ಪಂಚಾಯಿತಿಯವರೇ ತೊಳೆಸಿದರೆಂದು ಊರು ನಂಬಿತು. ಅವನು 'ಡಾಂಬರ ದತ್ತೂ' ಆಗಿಯೇ ಉಳಿದ.

ನಮ್ಮ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹುಟ್ಟುವುದು ಹೀಗೇ: ಕಟ್ಟೆಯ ಮೇಲೆ ಯಾರೋ ಕರೆಯುತ್ತಾರೆ, ಶಾಲೆಯ ಮಾಸ್ತರ ದಾಖಲೆಯಲ್ಲಿ ಬರೆದು ಗಟ್ಟಿ ಮಾಡುತ್ತಾನೆ. ದತ್ತಪ್ಪನ ಮಗನನ್ನು ಶಾಲೆಗೆ ಸೇರಿಸಲು ಬಂದದ್ದು ಹುಡುಗನ ಅಜ್ಜಿ. ಅಡ್ಡಹೆಸರು ಕೇಳಿದರೆ, "ಏನರೆ ಬರಕೋರಿ" ಅಂದಳು. ಮರಾಠಿ ಬಾಲ ಹಚ್ಚಿ 'ಡಾಂಬರೆ' ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ನಕ್ಕಿದ್ದೆ.

ಪುಸ್ತಕದಲ್ಲಿ ಇಲ್ಲದ್ದನ್ನೂ ಪಾಠ ಹೇಳುವ ಚಟ ನನಗೆ. ವ್ಯಾಂಡಲರು ಎಂಬ ಜನ ಹದಿನಾಲ್ಕು ದಿನ ರೋಮ್ ನಗರವನ್ನು ದೋಚಿದರು. ಆದರೆ ಆಫ್ರಿಕದಲ್ಲಿ ಸುಮಾರು ನೂರು ವರ್ಷ ರಾಜ್ಯವಾಳಿದರು, ಹೊಲ ಉತ್ತರು, ಮಕ್ಕಳನ್ನು ಸಾಕಿದರು. ಅದು ಯಾರಿಗೂ ಬೇಡ. ಇಂದು ಬಸ್ಸಿನ ಸೀಟು ಹರಿದವನಿಗೂ ಇಂಗ್ಲಿಷಿನಲ್ಲಿ ಅವರದೇ ಹೆಸರು, 'ವ್ಯಾಂಡಲ್'. ಇದನ್ನು ಮರುಕದಿಂದ, ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಎರಡನೇ ಬೆಂಚಿನಲ್ಲಿ ದತ್ತಪ್ಪನ ಮಗ ತಲೆ ತಗ್ಗಿಸಿ ಕೂತಿರುತ್ತಿದ್ದ.

ಇಂದು ಬೆಳಿಗ್ಗೆ ಆ ಹುಡುಗನ ಮಗ ಮಹೇಶ ಬಂದಿದ್ದ. ದತ್ತಪ್ಪನೂ ಇಲ್ಲ, ಮಹೇಶನ ಅಪ್ಪನೂ ಇಲ್ಲ ಈಗ.

"ಮಗಳನ್ನ ಸಾಲಿಗೆ ಹಚ್ಚಬೇಕ್ರಿ ಸರ್. ಅದಕ್ಕಿಂತ ಮೊದಲ ಈ ಅಡ್ಡಹೆಸರ ತಗಸಬೇಕು. ಎಲ್ಲಿ ಬೋರ್ಡ್ ಕೆಟ್ರೂ ಮಂದಿ ನಮ್ಮನಿ ಕಡೆ ನೋಡ್ತಾರ. ನೀವೊಂದು ಕಾಗದ ಬರದ ಕೊಡ್ರಿ."

ಬರೆದೆ. ಹೆಸರು ನನ್ನ ತಪ್ಪು ಎಂದು ಬರೆದೆ. ಬಳಿದವನೇ ಮರುದಿನ ಒರೆಸಿದ್ದನ್ನು ಕಣ್ಣಾರೆ ಕಂಡೆ ಎಂದೂ ಬರೆದೆ. ಮಹೇಶ ಎರಡು ಸಲ ಓದಿದ.

"ಅಜ್ಜ ಒರಸಿದ್ನೇನ್ರಿ? ನಮ್ಮಪ್ಪಗ ಗೊತ್ತಿತ್ತೇನ್ರಿ ಇದು?"

"ಇಲ್ಲಪ್ಪ."

"ಈ ಹೆಸರಿನ ಸಲುವಾಗಿ ಅಪ್ಪ ಸಾಯೋತನಕ ಅಜ್ಜನ ಕೂಡ ಮಾತಾಡಲಿಲ್ರಿ ಸರ್."

ಕಾಗದ ಮಡಚಿ ಕಿಸೆಗಿಟ್ಟುಕೊಂಡು ಹೋದ. ಕೊಟ್ಟ ಮಾತು ಉಳಿಸಿಕೊಂಡವನು ಎಂದು ಇಷ್ಟು ವರ್ಷ ನನ್ನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.