ಸೈಲೆನ್ಸರಿನ ಮುಂದೆ ಐದು ಸುತ್ತು

ಮಗಳ ಎದೆಯಿಂದ ಸಿಳ್ಳೆಯಂಥ ಸದ್ದು ಬಂದ ದಿನ ನಾನು ಅವಳಿಗೆ ಬೈದೆ. ನನ್ನ ಬಸ್ಸಿನ ಕಂಡಕ್ಟರನ ಸೀಟಿ ಎತ್ತಿಕೊಂಡು ಬಂದಿದ್ದಾಳೆ ಅಂದುಕೊಂಡಿದ್ದೆ. "ಎಲ್ಲೈತಿ, ಕೊಡಿಲ್ಲೆ" ಎಂದು ಕೈ ಚಾಚಿದೆ. ಭಾಗ್ಯಾ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಖಾಲಿ.

ಸದ್ದು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ನೆಬುಲೈಸರ್ ಹಾಕಿದರು. ಒಂಬತ್ತು ವರ್ಷದ ಹುಡುಗಿ ಒಂದೊಂದು ಉಸಿರಿಗೂ ಹೆಗಲೆತ್ತುತ್ತಿದ್ದಳು. ಆಸ್ತಮಾ ಎಂದರು ಡಾಕ್ಟರ್. ಮನೆಯಲ್ಲಿ ಹೊಗೆ ಇದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಗ್ಯಾಸ್ ಒಲೆ ಇದೆ, ಬೀಡಿ ಯಾರೂ ಸೇದುವುದಿಲ್ಲ ಎಂದು ದೊಡ್ಡ ಮನುಷ್ಯನಂತೆ ಹೇಳಿದೆ. ಹೆಂಡತಿ ಶಾಂತವ್ವ ನನ್ನನ್ನು ದುರುಗುಟ್ಟಿ ನೋಡಿದಳು.

"ಮುಂಜಾನಿ ಬಸ್ಸಿನ ಹೊಗಿ ಯಾಕ್ ಹೇಳವಲ್ರಿ ಅವ್ರಿಗೆ?"

ನಾನು ಮಡಗಾಂವ್–ಕೊರ್ತಾಲಿಮ್ ಖಾಸಗಿ ಬಸ್ಸಿನ ಡ್ರೈವರ್. ಮೋತಿ ಡೊಂಗರ್ ಗುಡ್ಡದ ಮೇಲೆ ನಮ್ಮ ಬಾಗಿಲೆದುರೇ ಗಾಡಿ ನಿಲ್ಲಿಸುತ್ತಿದ್ದೆ. ಹಳೆಯ ಡೀಸೆಲ್ ಗಾಡಿ. ಬ್ರೇಕಿಗೆ ಏರ್ ತುಂಬಲು ಬೆಳಿಗ್ಗೆ ಇಂಜಿನ್ ಚಾಲೂ ಇಟ್ಟು ಕಾಯಬೇಕು. ಎಲ್ಲೋ ಲೀಕ್ ಇದ್ದುದರಿಂದ ನಮ್ಮದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲೇ ಬಸ್ಸಿನ ಪೂಜೆ. ಹೆಣ್ಣುಮಗುವಿನ ಕೈಯಿಂದಾದರೆ ಗಾಡಿಗೆ ಒಳ್ಳೆಯದೆಂದು ಭಾಗ್ಯಾಳಿಂದಲೇ ಮಾಡಿಸುತ್ತಿದ್ದೆ. ಹೂವು, ಊದಿನಕಡ್ಡಿ, ಬಸ್ಸಿಗೆ ಐದು ಸುತ್ತು. ಅಂದರೆ ಹೊಗೆ ಕಕ್ಕುವ ಸೈಲೆನ್ಸರಿನ ಮುಂದೆ ದಿನಕ್ಕೆ ಐದು ಸಲ. ಮೂರು ವರ್ಷ.

ನಾನೇ ಮಾಡಿಸಿದ್ದು.

ನನ್ನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಆದರೆ ತಪ್ಪನ್ನೆಲ್ಲ ನಾನೊಬ್ಬನೇ ಹೊರುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿದರೆ ಸೆಲ್ಫ್ ಸ್ಟಾರ್ಟರ್ ಹಿಡಿಯುವುದಿಲ್ಲ, ರಿಪೇರಿ ಮಾಡಿಸಿ ಎಂದು ಮಾಲೀಕನಿಗೆ ಎಷ್ಟು ಸಲ ಹೇಳಿದ್ದೆ! ಹಾಗಾದರೆ ಬಂದ್ ಮಾಡಬೇಡ ಎಂದಿದ್ದ. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಗುರ್ ಗುರ್. ಆಸ್ಪತ್ರೆಯಿಂದ ಬಂದು ಮತ್ತೆ ಕೇಳಿದೆ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆಯಲ್ಲ ಎಂದು ನಕ್ಕ. ಆ ತಪಾಸಣೆಗೆ ಗಾಡಿ ಹೋದದ್ದನ್ನು ನಾನಂತೂ ಕಂಡಿಲ್ಲ.

ಮರುದಿನ ಸ್ಟ್ಯಾಂಡಿನಲ್ಲಿ ಇಂಜಿನ್ ಬಂದ್ ಮಾಡಿಬಿಟ್ಟೆ. ಹೊರಡುವ ಹೊತ್ತಿಗೆ ಸೆಲ್ಫ್ ಹಿಡಿಯಲಿಲ್ಲ. "ಎಲ್ಲಾರೂ ಇಳೀರ್ರಿ, ತಳ್ಳಬೇಕು" ಎಂದೆ.

ನಮ್ಮಂತೆ ದುಡಿಯಲು ಬಂದ, ವಿಜಯಪುರ ಕಡೆಯ ಗಾರೆ ಕೆಲಸದ ಗೌಂಡಿಯೊಬ್ಬರು ಬುತ್ತಿಚೀಲ ಹಿಡಿದು ಸಿಡುಕಿದರು. "ಟಿಕೀಟು ತಗೊಂಡು ತಳ್ಳೋದೇನ್ರೀ? ತಲಿ ನೆಟ್ಟಗೈತಿಲ್ಲೋ ನಿಮಗ?"

"ನನ್ನ ಮಗಳಿಗೆ ಉಸಿರು ಸಿಗವಲ್ದುರೀ, ಇದs ಹೊಗಿಯಿಂದ. ನಿಮ್ಮ ಮಕ್ಕಳೂ ಇಲ್ಲೇ ಅದಾವಲ್ರಿ?"

ಅವರು ಬುತ್ತಿಚೀಲ ಸೀಟಿನ ಮೇಲಿಟ್ಟು ಇಳಿದು ತಳ್ಳಿದರು. ನಾಲ್ಕು ದಿನ ಹೀಗೇ ನಡೆಯಿತು. ಕೆಲವರು ನನಗೆ ಬೈದರು, ಉಳಿದವರು ಮಾಲೀಕನಿಗೆ ಫೋನ್ ಹಚ್ಚಿ ಬೈದರು. ಐದನೇ ದಿನ ಗ್ಯಾರೇಜಿನಲ್ಲಿ ಸೆಲ್ಫೂ ಲೀಕೂ ಎರಡೂ ರಿಪೇರಿಯಾದವು. ಮಗುವಿನ ಉಸಿರು ಕಟ್ಟಿದಾಗ ಆಗದ ಕೆಲಸ!

ಈಗ ಗಾಡಿ ಕೆಳಗಿನ ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲೂ ಯಾರದೋ ಬಾಗಿಲಿದೆ, ಗೊತ್ತು. ಹೊಗೆಯಿಲ್ಲದ ಕರೆಂಟ್ ಬಸ್ಸು ನಮ್ಮ ಮಾರ್ಗಕ್ಕೂ ಬರಲಿ ಎಂದು ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಗೌಂಡಿಯವರೂ ಸಹಿ ಹಾಕಿದ್ದಾರೆ. ಆ ಬಸ್ಸು ಬಂದರೆ ನನ್ನ ಕೆಲಸ ಹೋದೀತು ಎಂದು ಉಳಿದ ಡ್ರೈವರುಗಳು ಹೆದರಿಸುತ್ತಾರೆ. ಹೋಗಲಿ.

ಭಾಗ್ಯಾ ಇನ್‌ಹೇಲರ್ ಮೇಲಿದ್ದಾಳೆ. ಶಾಲೆಗೆ ಹೋಗುತ್ತಿದ್ದಾಳೆ. ಅಷ್ಟಕ್ಕೆ ದೇವರಿಗೆ ಕೈ ಮುಗಿಯುತ್ತೇನೆ. ಪೂಜೆ ಬೇಡವೆಂದರೂ ಕೇಳುವುದಿಲ್ಲ. ಬೆಳಿಗ್ಗೆ ಒಂದು ದಾಸವಾಳ ಹಿಡಿದು ಕೆಳಗಿಳಿಯುತ್ತಾಳೆ. ಊದಿನಕಡ್ಡಿ ಇಲ್ಲ, ಸುತ್ತೂ ಇಲ್ಲ.

"ಅಪ್ಪಾ, ಬಂದ್ ಮಾಡಿದ್ಯೋ ಇಲ್ಲೋ?"

"ಇನ್ನೂ ಚಾಲೂನs ಮಾಡಿಲ್ಲವ್ವಾ."

ಆದರೂ ಅವಳು ನನ್ನ ಮಾತು ನಂಬುವುದಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಎಂದು ಖಾತ್ರಿಯಾದ ಮೇಲೆಯೇ ಹೂವಿಡುತ್ತಾಳೆ.